ಕಾಯಿಲೆಗೂ ವರದಕ್ಷಿಣೆಯೇ?

ಹುಡುಗ ವಿದೇಶದಲ್ಲಿದ್ದಾನೆ ಎಂಬ ಒಂದೇ ಮಾತಿಗೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಎಲ್ಲ ಪ್ರಶ್ನೆಗಳೂ ಬಾಯಿ ಮುಚ್ಚಿಕೊಳ್ಳುತ್ತವೆ. ಜಾತಕ ನೋಡುತ್ತಾರೆ, ಗೋತ್ರ ಕೇಳುತ್ತಾರೆ, ಡಾಲರಿನ ಸಂಬಳವನ್ನು ರೂಪಾಯಿಗೆ ಗುಣಿಸಿ ಬೆರಗಾಗುತ್ತಾರೆ. ಛತ್ರ ಎಷ್ಟು ದೊಡ್ಡದಿರಬೇಕು, ಬಂಗಾರ ಎಷ್ಟು ಹಾಕಬೇಕು, ವಿಮಾನದ ಟಿಕೆಟ್ಟು ಯಾರು ಕೊಳ್ಳಬೇಕು ಎಂದು ತಿಂಗಳುಗಟ್ಟಲೆ ಮಾತುಕತೆ ನಡೆಯುತ್ತದೆ. ಆದರೆ ಅಲ್ಲಿ ನಮ್ಮ ಹುಡುಗಿ ಹಾಸಿಗೆ ಹಿಡಿದರೆ ಖರ್ಚು ಯಾರದು, ಆಕೆಯ ಹೆಸರು ಯಾವ ವಿಮೆಯಲ್ಲಿ ಇರುತ್ತದೆ, ಯಾವ ದಿನದಿಂದ ಇರುತ್ತದೆ ಎಂದು ಕೇಳುವವರು ಎಷ್ಟು ಜನ? ಹುಡುಗಿಗೆ ಮೊದಲೇ ಒಂದು ಕಾಯಿಲೆ ಇದ್ದರಂತೂ, ಅದು ಸಕ್ಕರೆ ಕಾಯಿಲೆಯೋ, ಮೂರ್ಛೆ ರೋಗವೋ, ಥೈರಾಯಿಡ್ಡೋ, ಉಬ್ಬಸವೋ, ಆ ಪ್ರಶ್ನೆ ಕೇಳುವುದಿರಲಿ, ಕಾಯಿಲೆಯ ಹೆಸರನ್ನೇ ಯಾರೂ ಎತ್ತದಂತೆ ಮನೆಯವರೆಲ್ಲ ಸೇರಿ ನೋಡಿಕೊಳ್ಳುತ್ತಾರೆ.

ಈ ಮೌನಕ್ಕೆ ಬೆಲೆ ತೆರುವವಳು ಹುಡುಗಿ. ತನ್ನ ದೇಹದಿಂದಲೇ ತೆರುತ್ತಾಳೆ.

ಗಂಡಿಗೆ ಮೂವತ್ತಕ್ಕೇ ರಕ್ತದೊತ್ತಡ ಇದ್ದರೆ 'ಕೂತು ಮಾಡುವ ಕೆಲಸ, ಟೆನ್ಷನ್ ಇರುತ್ತದಲ್ಲ' ಎಂಬ ಸಮಾಧಾನ. ಹೆಣ್ಣಿಗೆ ಹದಿನೈದಕ್ಕೆ ಸಕ್ಕರೆ ಕಾಯಿಲೆ ಬಂದಿದ್ದರೆ ಅದು 'ಐಬು'. ಐಬು ಎಂಬುದು ದನದ ಜಾತ್ರೆಯ ಮಾತು. ಜಾತ್ರೆಯಲ್ಲಿ ಐಬಿರುವ ಹಸುವಿನ ಬೆಲೆ ಇಳಿಯುತ್ತದೆ. ಮದುವೆಯ ಜಾತ್ರೆಯಲ್ಲಿ ಐಬಿರುವ ಹೆಣ್ಣನ್ನು ಒಪ್ಪಿಕೊಳ್ಳುವವನ ಬೆಲೆ ಏರುತ್ತದೆ. ನಮ್ಮ ಕಾನೂನಿಗೂ ಒಂದು ಕಾಲಕ್ಕೆ ಇದೇ ಕಣ್ಣು ಇತ್ತು. ಪದೇ ಪದೇ ಮೂರ್ಛೆ ರೋಗ ಬರುವ ವ್ಯಕ್ತಿ ವಿವಾಹಕ್ಕೆ ಅನರ್ಹ ಎಂಬ ಮಾತು 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಯೊಳಗೆ ಸೇರಿಕೊಂಡಿತ್ತು. ಅದನ್ನು ಕಿತ್ತುಹಾಕಲು 1999ರವರೆಗೆ ಕಾಯಬೇಕಾಯಿತು. ಕಾಯಿದೆಯ ಪುಸ್ತಕದಿಂದ ಹೋದ ಮಾತು ಹುಡುಗಿ ನೋಡಲು ಬರುವವರ ಬಾಯಿಂದ ಇನ್ನೂ ಹೋಗಿಲ್ಲ.

ಇನ್ನು ವಿಮೆಯ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಹಿಂದೆ ವಿಮಾ ಕಂಪನಿಗಳು 'ಮೊದಲೇ ಇದ್ದ ಕಾಯಿಲೆ' ಎಂಬ ಕಾರಣ ಹೇಳಿ ಸ್ವಂತವಾಗಿ ವಿಮೆ ಕೊಳ್ಳುವವರ ಅರ್ಜಿಯನ್ನು ತಳ್ಳಿಹಾಕಬಹುದಿತ್ತು. 2010ರಲ್ಲಿ ಬಂದ, ಜನ 'ಒಬಾಮಾ ಕೇರ್' ಎಂದು ಕರೆಯುವ ಕಾನೂನು ಇದನ್ನು ಬದಲಿಸಿತು. ಈಗ ಕಂಪನಿಯ ನೌಕರರಿಗೆ ಸಿಗುವ ವಿಮೆಯಲ್ಲಾಗಲಿ, ಸರ್ಕಾರ ಏರ್ಪಡಿಸಿರುವ ವಿಮಾ ಮಾರುಕಟ್ಟೆಯಲ್ಲಾಗಲಿ ಹಳೆಯ ಕಾಯಿಲೆಯ ಕಾರಣಕ್ಕೆ ಯಾರನ್ನೂ ತಿರಸ್ಕರಿಸುವಂತಿಲ್ಲ, ಆ ಕಾಯಿಲೆಯ ಚಿಕಿತ್ಸೆಯನ್ನು ಹೊರಗಿಡುವಂತಿಲ್ಲ. ಈ ನಿಯಮ 2014ರಿಂದ ನಡೆದುಬಂದಿದೆ. ಸಾಫ್ಟ್‌ವೇರ್ ಗಂಡನ ಹಿಂದೆ ಹೆಚ್-4 ವೀಸಾದಲ್ಲಿ ಹೋಗುವ ನಮ್ಮ ಹೆಣ್ಣುಮಕ್ಕಳಿಗೂ ಇದು ಅನ್ವಯಿಸುತ್ತದೆ.

ಹಾಗಾದರೆ ತೊಂದರೆ ಎಲ್ಲಿದೆ? ಗಂಡನ ಸಹಿಯಲ್ಲಿದೆ.

ಕಂಪನಿಯ ವಿಮೆಗೆ ಹೆಂಡತಿ ತಾನಾಗಿ ಹೆಸರು ಬರೆಸಿಕೊಳ್ಳುವಂತಿಲ್ಲ. ನೌಕರನಾದ ಗಂಡನೇ ಬರೆಸಬೇಕು, ಆಕೆಯ ಪಾಲಿನ ಕಂತು ಅವನ ಸಂಬಳದಿಂದಲೇ ಕಡಿತವಾಗಬೇಕು. ದೊಡ್ಡ ಕಂಪನಿಗಳು ನೌಕರನಿಗೂ ಅವನ ಮಕ್ಕಳಿಗೂ ವಿಮೆಯ ಅವಕಾಶ ಕೊಡಲೇಬೇಕು, ಇಲ್ಲದಿದ್ದರೆ ದಂಡ ತೆರಬೇಕಾಗಬಹುದು ಎನ್ನುವ ಅದೇ ಕಾನೂನು ಹೆಂಡತಿಯ ಬಗ್ಗೆ ಅಂಥ ಕಡ್ಡಾಯ ಮಾಡಿಲ್ಲ. ಅವಕಾಶವಿರುವ ಕಂಪನಿಯಲ್ಲೂ ಮದುವೆಯಾದ ಮೇಲೆ ಹೆಸರು ಸೇರಿಸಲು ಕಾನೂನು ಖಾತ್ರಿ ಮಾಡಿರುವ ಗಡುವು 30 ದಿನ. ಈ 30 ದಿನದ ಲೆಕ್ಕ ಯಾವಾಗ ಶುರುವಾಗುತ್ತದೆ? ಮದುವೆಯ ದಿನದಿಂದ. ಮದುವೆ ನಡೆಯುವುದು ಶಿವಮೊಗ್ಗೆಯಲ್ಲೋ ಹುಬ್ಬಳ್ಳಿಯಲ್ಲೋ. ಎರಡು ವಾರದ ರಜೆ ಮುಗಿಸಿ ಗಂಡ ವಿಮಾನ ಹತ್ತುತ್ತಾನೆ. ಹುಡುಗಿ ವೀಸಾಕ್ಕಾಗಿ ತಿಂಗಳುಗಟ್ಟಲೆ ತವರಿನಲ್ಲಿ ಕಾಯುತ್ತಾಳೆ. ಆಕೆ ಅಮೆರಿಕದ ನೆಲ ಮುಟ್ಟುವ ಹೊತ್ತಿಗೆ ಗಡುವು ಎಂದೋ ಕಳೆದಿರುತ್ತದೆ. ಕೆಲವು ಕಂಪನಿಗಳು ಹೆಂಡತಿ ದೇಶಕ್ಕೆ ಬಂದ ದಿನದಿಂದ ಮತ್ತೊಂದು ಅವಕಾಶ ಕೊಡುತ್ತವೆ. ಕೊಡದಿದ್ದರೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುವವರೆಗೆ ಕಾಯಬೇಕು. ಇನ್ಸುಲಿನ್ ಇಲ್ಲದೆ ಒಂದು ವಾರ ಬದುಕುವುದೇ ಕಷ್ಟವಾದವಳು ಒಂದು ವರ್ಷ ಹೇಗೆ ಕಾಯುತ್ತಾಳೆ?

ಇನ್ನೊಂದು ದಾರಿ ಇದೆ. ಹೊರದೇಶದಿಂದ ಬಂದು ಅಮೆರಿಕದಲ್ಲಿ ನೆಲೆಸಿದವರು 60 ದಿನದೊಳಗೆ ವಿಮಾ ಮಾರುಕಟ್ಟೆಯಲ್ಲಿ ಸ್ವಂತವಾಗಿ ವಿಮೆ ಕೊಳ್ಳಬಹುದು. ಈ ಮಾತನ್ನು ಯಾವ ಗಂಡಿನ ಮನೆಯವರೂ ಹೇಳುವುದಿಲ್ಲ, ನಮ್ಮ ಮದುವೆ ದಲ್ಲಾಳಿಗಳಿಗೂ ಗೊತ್ತಿಲ್ಲ. ಆದರೆ ಅಲ್ಲೂ ದುಡ್ಡು ಬೇಕು. ಗಂಡನ ಕಂಪನಿಯ ವಿಮೆ ಹೆಂಡತಿಗೂ ಕೈಗೆಟುಕುವಂತಿದೆ ಎಂದು ಲೆಕ್ಕವಾದರೆ, ಗಂಡ ಆಕೆಯನ್ನು ಸೇರಿಸಲಿ ಬಿಡಲಿ, ಸರ್ಕಾರದ ಸಹಾಯಧನ ಸಿಗುವುದಿಲ್ಲ. 2025ರಲ್ಲಿ ಮಾಡಿದ ಕಾನೂನಿನ ಪ್ರಕಾರ 2027ರ ಜನವರಿಯಿಂದ ಹೆಚ್-4ನಂಥ ವೀಸಾದವರಿಗೆ ಆ ಸಹಾಯಧನವೇ ಇಲ್ಲ. ದುಡಿಯೋಣವೆಂದರೆ ಹೆಚ್-4 ಹೆಂಡತಿಗೆ ಕೆಲಸದ ಪರವಾನಗಿ ಸುಲಭಕ್ಕಿಲ್ಲ. 2015ರಿಂದ ಕೊಡುತ್ತಿರುವ ಪರವಾನಗಿ ಕೂಡ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ. ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಸಂಬಳ ಎಣಿಸುತ್ತಿದ್ದ ಹೆಣ್ಣು ಅಲ್ಲಿ ಒಂದು ಮಾತ್ರೆಗೂ ಗಂಡನ ಮುಂದೆ ಕೈಚಾಚಬೇಕು.

ಈ ಗೋಜಲಿನ ನಡುವೆ ಅಗ್ಗದ ಉಪಾಯವೊಂದನ್ನು ಹುಡುಕಿದ್ದಾರೆ. ಹೊರಡುವ ಮೊದಲು ಹುಡುಗಿಯ ಅಪ್ಪ ಒಂದು ಪ್ರವಾಸಿ ವಿಮೆ ಮಾಡಿಸಿಕೊಡಬೇಕು. 'ಮಾವನವರೇ, ವಿಮೆ ಆಯಿತಲ್ಲ' ಎಂದು ಅಳಿಯ ಕೈ ತೊಳೆದುಕೊಳ್ಳುತ್ತಾನೆ. ಪ್ರವಾಸಿ ವಿಮೆ ನಾಲ್ಕು ದಿನ ಊರು ನೋಡಲು ಹೋದವರಿಗೆ ಮಾಡಿದ್ದು. ಕಾಲು ಮುರಿದರೆ ಅದು ಹಣ ಕೊಟ್ಟೀತು, ಮೊದಲೇ ಇದ್ದ ಕಾಯಿಲೆಯ ದಿನನಿತ್ಯದ ಚಿಕಿತ್ಸೆಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಕೆಲವು ವಿಮೆಗಳು ಹಳೆಯ ಕಾಯಿಲೆ ದಿಢೀರನೆ ಉಲ್ಬಣಿಸಿದರೆ ಒಂದು ಮಿತಿಯವರೆಗೆ ಕೊಡುತ್ತೇವೆ ಎನ್ನುತ್ತವೆ. ಅಂದರೆ ಹುಡುಗಿ ಪ್ರಜ್ಞೆ ತಪ್ಪಿ ಬಿದ್ದ ಮೇಲೆ ನೋಡೋಣ ಎಂದರ್ಥ. ಬೀಳದಂತೆ ತಡೆಯುವ ಮಾತ್ರೆಗೆ ಅಲ್ಲಿ ಜಾಗವಿಲ್ಲ. ಜೀವಕ್ಕೆ ಅಪಾಯವಿದ್ದಾಗ ಅಮೆರಿಕದ ಆಸ್ಪತ್ರೆಯ ತುರ್ತು ವಿಭಾಗ ದುಡ್ಡು ಕೇಳದೆ ನೋಡಲೇಬೇಕೆಂಬ ಕಾನೂನು 1986ರಿಂದ ಇದೆ, ನಿಜ. ಬಿಲ್ಲು ಮಾತ್ರ ಆಮೇಲೆ ಬರುತ್ತದೆ. ಅದು ಮನೆಗೆ ಬಂದ ದಿನ ಬೈಗುಳ ತಿನ್ನುವವಳು ಯಾರೆಂದು ಹೇಳಬೇಕಿಲ್ಲ.

ಬೇರೆ ದೇಶಗಳಲ್ಲಿ ದಾರಿ ಬೇರೆ, ಪಾಡು ಒಂದೇ. ಇಂಗ್ಲೆಂಡಿನಲ್ಲಿ ಹಳೆಯ ಕಾಯಿಲೆ ಎಂದು ಸರ್ಕಾರಿ ಆರೋಗ್ಯ ಸೇವೆ ಯಾರನ್ನೂ ಹೊರಗಿಡುವುದಿಲ್ಲ. ಆದರೆ ಹೆಂಡತಿಯ ವೀಸಾದ ಜೊತೆಗೆ ಆರೋಗ್ಯ ಸರ್ಚಾರ್ಜ್ ಕಟ್ಟಬೇಕು. 2015ರಲ್ಲಿ ವರ್ಷಕ್ಕೆ 200 ಪೌಂಡ್ ಇದ್ದದ್ದು 2024ರ ಫೆಬ್ರವರಿಯಲ್ಲಿ 1,035 ಪೌಂಡಿಗೆ ಏರಿತು. ಪೂರ್ತಿ ಅವಧಿಯದನ್ನು ಮುಂಗಡವಾಗಿಯೇ ಕಟ್ಟಬೇಕು. ಅದು ಯಾರ ತಲೆಗೆ ಬರುತ್ತದೆ? ಮದುವೆಗೆ ಮುಂಚೆ ಭಾವಿ ವಧುವಿನ ವೀಸಾದಲ್ಲಿ ಹೋದವಳಿಗೆ ಸರ್ಚಾರ್ಜ್ ಇಲ್ಲ, ಅದರ ಜೊತೆಗೆ ಆಸ್ಪತ್ರೆಯ ಪುಕ್ಕಟೆ ಚಿಕಿತ್ಸೆಯೂ ಇಲ್ಲ. ಕರಾವಳಿಯ ಹೆಣ್ಣುಮಕ್ಕಳು ಹೋಗುವ ದುಬೈನಲ್ಲಿ 2013ರ ಕಾನೂನಿನಂತೆ ಹೆಂಡತಿಯ ವಿಮೆ ಅವಳ ವೀಸಾಕ್ಕೆ ಪ್ರಾಯೋಜಕನಾದ ಗಂಡನ ಹೊಣೆ. ಅಲ್ಲೂ ಕಾಗದ ಅವನ ಕೈಯಲ್ಲೇ.

ಈಗ ಅಸಲು ಮಾತು. ಈ ಎಲ್ಲ ಖರ್ಚನ್ನು ಹುಡುಗಿಯ ತವರಿನಿಂದ ವಸೂಲು ಮಾಡುವುದಕ್ಕೆ ಏನೆಂದು ಹೆಸರು? 'ನಿಮ್ಮ ಮಗಳ ಕಾಯಿಲೆ, ನೀವೇ ನೋಡಿಕೊಳ್ಳಿ. ವರ್ಷದ ಕಂತು ಕಳಿಸಿ. ಇಲ್ಲವೇ ಆರು ತಿಂಗಳಿಗೊಮ್ಮೆ ಕರೆಸಿಕೊಂಡು ಔಷಧಿ ಕೊಡಿಸಿ ಕಳಿಸಿ.' ಇದನ್ನು ವರದಕ್ಷಿಣೆ ಎಂದು ಕರೆಯಲು ನಾವೇಕೆ ಹಿಂಜರಿಯಬೇಕು? 1961ರ ವರದಕ್ಷಿಣೆ ನಿಷೇಧ ಕಾಯಿದೆ ಮದುವೆಗೆ ಮುಂಚೆ, ಮದುವೆಯಲ್ಲಿ, ಮದುವೆಯ ನಂತರ ಯಾವಾಗಲೇ ಆಗಲಿ, ಆ ಮದುವೆಯ ಸಂಬಂಧವಾಗಿ ಕೊಟ್ಟ, ಕೊಡಲು ಒಪ್ಪಿದ ಸ್ವತ್ತನ್ನು ವರದಕ್ಷಿಣೆ ಎನ್ನುತ್ತದೆ. ಮನೆ ಕಟ್ಟಲು ಹೆಂಡತಿಯ ತವರಿನಿಂದ ಹಣ ಕೇಳಿದ್ದೂ ವರದಕ್ಷಿಣೆಯೇ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿದೆ. ಮನೆಗೆ ಕೇಳಿದ್ದು ವರದಕ್ಷಿಣೆಯಾದರೆ ಹೆಂಡತಿಯ ಔಷಧಿಗೆ ಕೇಳಿದ್ದು ಏನು? ಗಂಡ ಹೆಂಡತಿಯನ್ನು ಸಾಕುವ ಹೊಣೆಯನ್ನೇ ಆಕೆಯ ಅಪ್ಪನಿಗೆ ಮಾರುವ ವ್ಯಾಪಾರವಲ್ಲವೇ ಇದು?

ಔಷಧಿ ತಪ್ಪಿಸುವುದು ಹಿಂಸೆ. ಇದು ನಮ್ಮ ಆವೇಶದ ಮಾತಲ್ಲ, ಕಾನೂನಿನ ಮಾತು. ಹೆಣ್ಣಿನ ಆರೋಗ್ಯಕ್ಕೆ ಅಪಾಯ ತರುವ ನಡತೆಯನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಹಿಂಸೆ ಎಂದು ಗುರುತಿಸುತ್ತದೆ, ಆಕೆಗೆ ಸಲ್ಲಬೇಕಾದ ಹಣವನ್ನು ತಡೆಹಿಡಿಯುವುದನ್ನು ಆರ್ಥಿಕ ದೌರ್ಜನ್ಯ ಎನ್ನುತ್ತದೆ, ವೈದ್ಯಕೀಯ ವೆಚ್ಚವನ್ನು ಪರಿಹಾರವಾಗಿ ಕೊಡಿಸುತ್ತದೆ. ತವರಿಗೆ ಮರಳಿದ ಹೆಣ್ಣು ತಾನು ವಾಸಿಸುತ್ತಿರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ಹೆಂಡತಿಯ ಜೀವಕ್ಕೆ, ಅಂಗಾಂಗಕ್ಕೆ, ಆರೋಗ್ಯಕ್ಕೆ ಅಪಾಯ ತರುವ ಉದ್ದೇಶಪೂರ್ವಕ ನಡತೆ ಕ್ರೌರ್ಯ ಎಂದು ಅಲ್ಲಿಯೂ ಬರೆದಿದೆ.

ಎಂಬತ್ತು, ತೊಂಬತ್ತರ ದಶಕಗಳಲ್ಲಿ ಸುಟ್ಟಗಾಯದ ವಾರ್ಡುಗಳಲ್ಲಿ 'ಸ್ಟೌ ಸಿಡಿಯಿತು' ಎಂಬ ಒಂದೇ ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದ್ದೇವೆ. ಆ ಸ್ಟೌಗಳು ಸೊಸೆಯಂದಿರ ಕೈಯಲ್ಲೇ ಏಕೆ ಸಿಡಿಯುತ್ತವೆ ಎಂದು ಚಳವಳಿ ಕೇಳಿದ ಮೇಲಷ್ಟೇ ಸಮಾಜ ಬೆಚ್ಚಿತು. ಇಂದು ದೂರದ ಊರಿನ ಅಪಾರ್ಟ್‌ಮೆಂಟಿನಲ್ಲಿ ಸೀಮೆಎಣ್ಣೆ ಬೇಕಿಲ್ಲ, ಬೆಂಕಿಕಡ್ಡಿ ಬೇಕಿಲ್ಲ. ಒಂದು ನಮೂನೆಗೆ ಸಹಿ ಹಾಕದೆ ಸುಮ್ಮನಿದ್ದರೆ ಸಾಕು. 'ಮೊದಲೇ ಕಾಯಿಲೆ ಇತ್ತು' ಎಂಬುದು ಹೊಸ ಕಾಲದ 'ಸ್ಟೌ ಸಿಡಿಯಿತು' ಆಗಲು ನಾವು ಬಿಡಬಾರದು.

'ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ್ದು ಮೋಸವಲ್ಲವೇ?' ಎಂದು ಗಂಡಿನ ಕಡೆಯವರು ಕೇಳುತ್ತಾರೆ. ನೇರವಾಗಿಯೇ ಉತ್ತರಿಸೋಣ. ಮುಚ್ಚಿಡಬಾರದು. ಮುಚ್ಚಿಟ್ಟರೆ ಮೊದಲು ಕೆಡುವುದು ಹುಡುಗಿಯ ಬದುಕೇ. ಬಚ್ಚಲಲ್ಲಿ ಕದ್ದು ಮಾತ್ರೆ ನುಂಗುವ ಸೊಸೆಗೆ ಮಾತ್ರೆ ತಪ್ಪುತ್ತದೆ, ಮೂರ್ಛೆ ಬರುತ್ತದೆ. ಮುಖ್ಯ ಸಂಗತಿ ಮುಚ್ಚಿಟ್ಟು ಒಪ್ಪಿಗೆ ಪಡೆದರೆಂದು ಮದುವೆಯನ್ನೇ ರದ್ದು ಮಾಡಿಸಲು ಗಂಡ ಕೋರ್ಟಿಗೆ ಹೋಗಲೂಬಹುದು. ಆದರೆ ಮುಚ್ಚಿಡುವಂತೆ ಮಾಡಿದವರು ಯಾರು? ಹೇಳಿದರೆ ಸಂಬಂಧ ಮುರಿಯುತ್ತೀರಿ, ಇಲ್ಲವೇ ದರ ಏರಿಸುತ್ತೀರಿ. ಹೇಳುವ ಧೈರ್ಯ ಎರಡೂ ಕಡೆಗೆ ಇರಲಿ. ಹುಡುಗಿಯ ವೈದ್ಯರ ಚೀಟಿ ಕೇಳುವವರು ಹುಡುಗನದನ್ನೂ ಮುಂದಿಡಲಿ. ಎಲ್ಲ ತಿಳಿದು ತಾಳಿ ಕಟ್ಟಿದ ಮೇಲೆ ಆ ಕಾಯಿಲೆ 'ನಿಮ್ಮ ಮಗಳದು' ಅಲ್ಲ, ಆ ಮನೆಯದು.

ಗೆಳತಿಯರೇ, ಕಾನೂನು ಬರಲೆಂದು ಕಾಯುತ್ತ ಕೂರುವಂತಿಲ್ಲ. ಅನಿವಾಸಿ ಮದುವೆಗಳಿಗೆ ಪ್ರತ್ಯೇಕ ಕಾನೂನು ಬೇಕೆಂದು ಸುಪ್ರೀಂ ಕೋರ್ಟ್ 1994ರಲ್ಲೇ ಸೂಚಿಸಿತ್ತು. 2019ರಲ್ಲಿ ಅನಿವಾಸಿಗಳ ವಿವಾಹ ನೋಂದಣಿ ಮಸೂದೆ ರಾಜ್ಯಸಭೆಗೆ ಬಂತು, 2024ರಲ್ಲಿ ಕಾನೂನು ಆಯೋಗವೂ ಸಮಗ್ರ ಕಾನೂನು ಬೇಕೆಂದು ವರದಿ ಕೊಟ್ಟಿತು. ವರದಿಗಳು ಕಪಾಟು ಸೇರುತ್ತಿವೆ, ಹುಡುಗಿಯರು ವಿಮಾನ ಏರುತ್ತಿದ್ದಾರೆ.

ಆದ್ದರಿಂದ ಮಾತುಕತೆಗೆ ಕೂತಾಗಲೇ ಕೇಳಿ. ನಿನ್ನ ಕಂಪನಿಯ ವಿಮೆಯಲ್ಲಿ ಹೆಂಡತಿಗೆ ಜಾಗವಿದೆಯೇ? ಮದುವೆಯಾಗಿ ಎಷ್ಟು ದಿನದೊಳಗೆ ಹೆಸರು ಸೇರಿಸಬೇಕು, ಹುಡುಗಿ ತಡವಾಗಿ ಬಂದರೆ ಏನು ನಿಯಮ? ಕಂತು ಎಷ್ಟು, ಕಟ್ಟುವವರು ಯಾರು? ಉತ್ತರ ಕಾಗದದ ಮೇಲೆ ಬರಲಿ. ಮದುವೆಯನ್ನು ಕೂಡಲೇ ನೋಂದಾಯಿಸಿ, ಪ್ರಮಾಣಪತ್ರದ ಪ್ರತಿ ಹುಡುಗಿಯ ಕೈಯಲ್ಲಿರಲಿ. ವೈದ್ಯರ ಚೀಟಿ, ಹಳೆಯ ವರದಿಗಳು, ಔಷಧಿಗಳ ರಾಸಾಯನಿಕ ಹೆಸರು ಆಕೆಯ ಬಳಿಯೇ ಇರಲಿ, ಅತ್ತೆಯ ಪೆಟ್ಟಿಗೆಯಲ್ಲಲ್ಲ. ಇಲ್ಲಿ ಆಕೆಯ ಹೆಸರಿನಲ್ಲಿರುವ ಮೆಡಿಕ್ಲೈಮನ್ನು 'ಮದುವೆಯಾಯಿತಲ್ಲ' ಎಂದು ನಿಲ್ಲಿಸಬೇಡಿ. ನಾಳೆ ಆಕೆ ಮರಳಿ ಬಂದು ಹೊಸ ವಿಮೆ ಮಾಡಿಸಿದರೆ ಹಳೆಯ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸುವ ಅಧಿಕಾರ ಇಲ್ಲಿನ ಕಂಪನಿಗಳಿಗೆ ಇದೆ. 2024ಕ್ಕೆ ಮುಂಚೆ ಅದು 48 ತಿಂಗಳಿತ್ತು. ಹಿಂಸೆ ಶುರುವಾದರೆ, ಅಮೆರಿಕದಲ್ಲಿ ದೌರ್ಜನ್ಯಕ್ಕೊಳಗಾದ ಹೆಚ್-4 ಹೆಂಡತಿ ಗಂಡನ ಒಪ್ಪಿಗೆಯಿಲ್ಲದೆ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದೆಂಬುದು ಆಕೆಗೆ ಗೊತ್ತಿರಲಿ. ವಿಚ್ಛೇದನವಾದರೆ ಆ ವೀಸಾದ ಆಧಾರವೇ ಹೋಗುವುದರಿಂದ, ಕಾಗದಕ್ಕೆ ಸಹಿ ಹಾಕುವ ಮೊದಲೇ ವಕೀಲರನ್ನು ಕಾಣಬೇಕು.

ಸರ್ಕಾರಕ್ಕೂ ನಮ್ಮ ಒತ್ತಾಯ ಸ್ಪಷ್ಟವಾಗಿರಲಿ. ಅನಿವಾಸಿ ವಿವಾಹದ ನೋಂದಣಿಯಲ್ಲೇ ಹೆಂಡತಿಯ ಆರೋಗ್ಯ ವಿಮೆಯ ಬಗ್ಗೆ ಗಂಡ ಲಿಖಿತ ಘೋಷಣೆ ಕೊಡಬೇಕು. ತವರಿನಿಂದ ವಿಮೆಯ ಕಂತು, ಚಿಕಿತ್ಸೆಯ ಹಣ ಕೇಳುವುದು ವರದಕ್ಷಿಣೆ ಎಂದು ಕಾಯಿದೆಯಲ್ಲಿ ಬಿಡಿಸಿ ಬರೆಯಬೇಕು. ರಾಯಭಾರ ಕಚೇರಿಗಳ ಸಮುದಾಯ ಕಲ್ಯಾಣ ನಿಧಿ ಔಷಧಿಯಿಲ್ಲದೆ ನರಳುವ ಹೆಣ್ಣಿಗೂ ತಡವಿಲ್ಲದೆ ಒದಗಬೇಕು.

ಕಾಯಿಲೆ ಯಾರ ತಪ್ಪೂ ಅಲ್ಲ. ಅದನ್ನು ಮುಂದಿಟ್ಟು ಹೆಣ್ಣಿನ ಬೆಲೆ ಕಟ್ಟುವುದು ತಪ್ಪು, ಆಕೆಯ ಔಷಧಿಗೆ ಬೀಗ ಹಾಕುವುದು ಅಪರಾಧ. ಹೆಂಡತಿಯ ಹೆಸರನ್ನು ಒಂದು ನಮೂನೆಯಲ್ಲಿ ಬರೆಯಲಾರದ ಗಂಡು ಎಷ್ಟು ಡಾಲರ್ ಎಣಿಸಿದರೇನು? ಅಂಥ ಮನೆಗೆ ನಮ್ಮ ಹುಡುಗಿಯರನ್ನು ಕಳಿಸುವುದಿಲ್ಲ ಎಂದು ಹೇಳುವ ಧೈರ್ಯ ಹೆತ್ತವರಿಗೆ ಬರಲಿ. ಹೆತ್ತವರಿಗೆ ಬರದಿದ್ದರೆ ಹುಡುಗಿಯರೇ ಹೇಳಲಿ.