ಕೊಪ್ಪಳ ಜಿಲ್ಲೆಯಲ್ಲಿ ಸಮುದಾಯ ಚಲನಚಿತ್ರೋತ್ಸವ: ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ಚಲನಚಿತ್ರ ಅಕಾಡೆಮಿ, ಬೆಂಗಳೂರು

ವಿಷಯ: ಸ್ವತಂತ್ರ ಚಿತ್ರಕರ್ಮಿಗಳ ಕೃತಿಗಳಿಗಾಗಿ ಕೊಪ್ಪಳ ಜಿಲ್ಲೆಯಲ್ಲಿ ಸಮುದಾಯ ಚಿತ್ರೋತ್ಸವ ಆರಂಭಿಸಲು ನೆರವು ಕೋರಿ.

ಮಾನ್ಯರೆ,

ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ವೃತ್ತಿನಟರಲ್ಲದ ಊರಿನವರನ್ನೇ ಪಾತ್ರಕ್ಕೆ ಹಚ್ಚಿ ಜೈಶಂಕರ್ ಆರ್ಯರ್ ಅವರು ನಿರ್ದೇಶಿಸಿದ ‘ಶಿವಮ್ಮ’, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಣ್ಣುಮಗಳೊಬ್ಬಳು ಬಡತನದಿಂದ ಪಾರಾಗಲು ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಇಳಿಯುವ ಕಥೆಯನ್ನು ಹೇಳಿ, 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ‘ನ್ಯೂ ಕರೆಂಟ್ಸ್’ ಪ್ರಶಸ್ತಿಯನ್ನು ಪಡೆಯಿತಾದರೂ ಕರ್ನಾಟಕದ ಚಿತ್ರಮಂದಿರಗಳಲ್ಲಿ ತೆರೆ ಕಂಡದ್ದು 2024ರಲ್ಲಿ. ಸ್ವತಂತ್ರ ಚಿತ್ರ, ಅಂದರೆ ದೊಡ್ಡ ಬಂಡವಾಳ ಮತ್ತು ತಾರೆಯರ ಆಸರೆಯಿಲ್ಲದೆ ರೂಪುಗೊಂಡ ಚಿತ್ರ, ನಿರ್ಮಾಣದ ಕಷ್ಟವನ್ನು ಹೇಗೋ ದಾಟುತ್ತದೆ. ಅದು ಸೋಲುವುದು ಪ್ರದರ್ಶನದ ಹಂತದಲ್ಲಿ. ಕಿರುಚಿತ್ರ ಮತ್ತು ಸಾಕ್ಷ್ಯಚಿತ್ರಗಳಿಗಂತೂ ವಿತರಕರ ಬಾಗಿಲು ತೆರೆಯುವುದೇ ಅಪರೂಪ. ಯಾರ ಬದುಕು ತೆರೆಯ ಮೇಲೆ ಬಂದಿದೆಯೋ ಅವರೇ ಅದನ್ನು ನೋಡಲಾಗದಿರುವುದು ಅನ್ಯಾಯವೆಂದು ಅರ್ಜಿದಾರರು ಭಾವಿಸುತ್ತಾರೆ.

ಗ್ರಾಮೀಣ ಪ್ರೇಕ್ಷಕರಿಗೆ ಇಂಥ ಚಿತ್ರಗಳು ರುಚಿಸವು ಎಂಬ ಮಾತಿಗೆ ಕರ್ನಾಟಕದ ಇತಿಹಾಸವೇ ಉತ್ತರ ಕೊಟ್ಟಿದೆ. ಕೆ.ವಿ. ಸುಬ್ಬಣ್ಣ ಅವರ ಮುಂದಾಳತ್ವದಲ್ಲಿ ಹೆಗ್ಗೋಡಿನಲ್ಲಿ 1973ರಲ್ಲಿ ಆರಂಭವಾದ ನೀನಾಸಂ ಚಿತ್ರಸಮಾಜವು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ಬೆಳೆಗಾರರಿಗೂ ಕೂಲಿಕಾರರಿಗೂ ತೋರಿಸಿದ್ದಲ್ಲದೆ, ಚಿತ್ರವನ್ನು ನೋಡಿ ಚರ್ಚಿಸುವ ಬಗೆಯನ್ನು ಕಲಿಸುವ ರಸಗ್ರಹಣ ಶಿಬಿರಗಳನ್ನೂ ನಡೆಸಿತು. ಹಣಕಾಸಿನ ಮಾತಿಗೂ ಮಾದರಿಯಿದೆ: ಉತ್ತರ ಪ್ರದೇಶದ ಗೋರಖಪುರದಲ್ಲಿ 2006ರಲ್ಲಿ ಮೊದಲಾದ ‘ಪ್ರತಿರೋಧದ ಸಿನಿಮಾ’ ಉತ್ಸವವು ಕಂಪನಿಗಳ ಪ್ರಾಯೋಜಕತ್ವವನ್ನು ದೂರವಿಟ್ಟು ಪ್ರೇಕ್ಷಕರ ಕಾಣಿಕೆಯನ್ನೇ ನೆಚ್ಚಿಕೊಂಡಿತು. ರಾತ್ರಿಯಿಡೀ ಬಯಲಾಟ ನೋಡಿ ಬೆಳಗು ಮಾಡುವ ಕೊಪ್ಪಳದ ಸೀಮೆಯಲ್ಲಿ ತಾಳ್ಮೆಯ ಪ್ರೇಕ್ಷಕರಿಗೆ ಕೊರತೆಯಿಲ್ಲ.

ಆದಕಾರಣ, ಸುಗ್ಗಿ ಮುಗಿದ ಬಳಿಕ ಮೂರು ದಿನ ಉತ್ಸವ ನಡೆಸಲು ಜಿಲ್ಲಾ ಕೇಂದ್ರದ ಸರ್ಕಾರಿ ಸಭಾಂಗಣವನ್ನು ಬಾಡಿಗೆಯಿಲ್ಲದೆ ಕೊಡಿಸಬೇಕು. ಭಾಷಣಕ್ಕೆಂದು ಕಟ್ಟಿದ ಇಂಥ ಸಭಾಂಗಣಗಳಲ್ಲಿ ಕಿಟಕಿಯಿಂದ ನುಗ್ಗುವ ಬೆಳಕಿಗೆ ತೆರೆಯ ಚಿತ್ರ ಮಸುಕಾಗಿ, ಗೋಡೆಗೆ ಬಡಿದು ಮರಳುವ ಸದ್ದಿನಲ್ಲಿ ಸಂಭಾಷಣೆ ಕಲಸಿಹೋಗುವುದರಿಂದ, ಕಪ್ಪು ಪರದೆ, ಉತ್ತಮ ಪ್ರೊಜೆಕ್ಟರ್ ಮತ್ತು ಧ್ವನಿವರ್ಧಕಗಳ ವೆಚ್ಚವನ್ನು ಅಕಾಡೆಮಿಯೇ ಭರಿಸಬೇಕೆಂಬುದು ಮುಖ್ಯ ಬೇಡಿಕೆ. ಸೆನ್ಸಾರ್ ಪ್ರಮಾಣಪತ್ರವಿಲ್ಲದ ಚಿತ್ರಗಳನ್ನು ಲಾಭದ ಉದ್ದೇಶವಿಲ್ಲದ ಉತ್ಸವಗಳಲ್ಲಿ ನೋಂದಾಯಿತ ಪ್ರೇಕ್ಷಕರಿಗೆ ತೋರಿಸಲು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ನೀಡುವ ವಿನಾಯಿತಿಯನ್ನು ಪಡೆಯುವಲ್ಲಿ ಅಕಾಡೆಮಿ ಜೊತೆಗಿರಬೇಕು. ಆಯ್ಕೆ ಸಮಿತಿಯಲ್ಲಿ ಸ್ಥಳೀಯ ಶಿಕ್ಷಕಿಯರು, ರಂಗಕರ್ಮಿಗಳು ಮತ್ತು ರೈತರು ಅರ್ಧದಷ್ಟಾದರೂ ಇರಬೇಕು. ಪ್ರವೇಶ ಶುಲ್ಕ ಇರಬಾರದು. ಚಿತ್ರಕರ್ಮಿಗೆ ಪ್ರದರ್ಶನದ ಗೌರವಧನ ತಪ್ಪಬಾರದು. ಸಂಜೆಯ ಪ್ರದರ್ಶನ ಮುಗಿದ ಮೇಲೆ ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಊರು ಸೇರುವಂತೆ, ಉತ್ಸವದ ದಿನಗಳಲ್ಲಿ ಹಳ್ಳಿಗಳಿಗೆ ತಡರಾತ್ರಿಯ ಬಸ್ಸುಗಳನ್ನು ಬಿಡುವಂತೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಅಕಾಡೆಮಿಯಿಂದಲೇ ಪತ್ರ ಹೋಗಬೇಕೆಂದು ಅರ್ಜಿದಾರರು ಕೋರುತ್ತಾರೆ.


ಕೊಪ್ಪಳ ಜಿಲ್ಲೆಯ ಸ್ವತಂತ್ರ ಚಿತ್ರಕರ್ಮಿಗಳು ಮತ್ತು ಚಿತ್ರಾಸಕ್ತರು