ರಕ್ತವಲ್ಲದ ರಕ್ತ

ಆಸ್ಟ್ರೇಲಿಯ ಖಂಡದ ನಟ್ಟನಡುವೆ, ವಿಶಾಲವಾದ ಒಣ ಬಯಲಿನಲ್ಲಿ, ಒಂಟಿಯಾಗಿ ಎದ್ದು ನಿಂತ ಕೆಂಪು ಬಂಡೆಯೊಂದಿದೆ. ಆ ನೆಲದ ಮೂಲನಿವಾಸಿಗಳಾದ ಅನಂಗು ಜನರು ಅದನ್ನು ಉಲೂರು ಎನ್ನುತ್ತಾರೆ. ಅಲ್ಲಿಗೆ ಬಂದ ಬಿಳಿಯರು ಏರ್ಸ್ ರಾಕ್ ಎಂದು ಹೆಸರಿಟ್ಟರು. 1980ರ ಆಗಸ್ಟ್ 17ರ ರಾತ್ರಿ ಆ ಬಂಡೆಯ ಸಮೀಪ ಡೇರೆ ಹಾಕಿದ್ದ ಪ್ರವಾಸಿಗಳಲ್ಲಿ ಮೈಕೆಲ್ ಚೇಂಬರ್ಲೇನ್ ಎಂಬ ಪಾದ್ರಿಯ ಕುಟುಂಬವೂ ಇತ್ತು. ಪತ್ನಿ ಲಿಂಡಿ, ಇಬ್ಬರು ಗಂಡುಮಕ್ಕಳು ಮತ್ತು ಒಂಬತ್ತು ವಾರದ ಹೆಣ್ಣುಕೂಸು ಅಜಾರಿಯಾ. ಕೂಸನ್ನು ಡೇರೆಯಲ್ಲಿ ಮಲಗಿಸಿ ಅಡುಗೆಯ ಒಲೆಯ ಬಳಿಗೆ ಬಂದಿದ್ದ ತಾಯಿ, ಅಳು ಕೇಳಿಸಿತೆಂದು ಹಿಂತಿರುಗಿದಾಗ, ಅಲ್ಲಿಯ ಕಾಡುನಾಯಿಯಾದ ಡಿಂಗೋ ಡೇರೆಯಿಂದ ಹೊರಬರುತ್ತಿರುವುದನ್ನು ಕಂಡರು. ಒಳಗೆ ಕೂಸು ಇರಲಿಲ್ಲ.

ಅಂದಿನ ರಾತ್ರಿಯೇ ನೂರಾರು ಮಂದಿ ದೀಪ ಹಿಡಿದು ಹುಡುಕಿದರು. ಹೆಜ್ಜೆಯ ಜಾಡು ಹಿಡಿಯುವುದರಲ್ಲಿ ನಿಪುಣರಾದ ಅನಂಗು ಜನರು ಮರಳಿನ ಮೇಲೆ ಡಿಂಗೋದ ಹೆಜ್ಜೆಗಳನ್ನೂ, ಅದು ಏನನ್ನೋ ಹೊತ್ತು ಸಾಗಿದ ಗುರುತುಗಳನ್ನೂ ತೋರಿಸಿದರು. ಒಂದು ವಾರದ ಬಳಿಕ ಕೂಸಿನ ಬಟ್ಟೆಗಳು ರಕ್ತದ ಕಲೆಯೊಡನೆ ಬಂಡೆಯ ಬುಡದಲ್ಲಿ ದೊರೆತವು. ದೇಹ ಎಂದಿಗೂ ದೊರೆಯಲಿಲ್ಲ. 1981ರ ಫೆಬ್ರವರಿಯಲ್ಲಿ ಮರಣವಿಚಾರಣೆ ನಡೆಸಿದ ಕೊರೊನರ್ ಡೆನಿಸ್ ಬ್ಯಾರಿಟ್, ಕೂಸನ್ನು ಒಯ್ದದ್ದು ಡಿಂಗೋ ಎಂದೂ, ದೇಹವನ್ನು ಅನಂತರ ಅಪರಿಚಿತರು ಯಾರೋ ವಿಲೇವಾರಿ ಮಾಡಿರಬೇಕೆಂದೂ ತೀರ್ಮಾನಿಸಿದರು. ತಂದೆತಾಯಿಯರ ಮೇಲೆ ಯಾವ ದೋಷವೂ ಇಲ್ಲವೆಂದರು.

ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಊರ ಬಾಯಿ ಮುಚ್ಚಲಿಲ್ಲ. ದೂರದರ್ಶನದ ಪರದೆಯ ಮೇಲೆ ಆ ತಾಯಿ ಸಾಕಷ್ಟು ಅಳಲಿಲ್ಲವೆಂದು ಜನ ಆಡಿಕೊಂಡರು. ಅಜಾರಿಯಾ ಎಂಬ ಹೆಸರಿಗೆ ಅರಣ್ಯದಲ್ಲಿ ಕೊಡುವ ಬಲಿ ಎಂಬ ಅರ್ಥವಿದೆಯೆಂಬ ಕಟ್ಟುಕಥೆ ಹಬ್ಬಿತು. ಅದರ ನಿಜವಾದ ಅರ್ಥ ದೇವರ ನೆರವು ಪಡೆದವರು ಎಂದು. ಇದೇ ಹೊತ್ತಿಗೆ ಕೂಸಿನ ಬಟ್ಟೆಗಳನ್ನು ಲಂಡನ್ನಿನ ಪ್ರಸಿದ್ಧ ನ್ಯಾಯವೈದ್ಯ ಜೇಮ್ಸ್ ಕ್ಯಾಮೆರಾನ್ ಪರೀಕ್ಷಿಸಿ, ಕುತ್ತಿಗೆಯನ್ನು ಹರಿತವಾದ ಆಯುಧದಿಂದ ಕೊಯ್ದಂತಿದೆ, ಬಟ್ಟೆಯ ಮೇಲೆ ರಕ್ತಸಿಕ್ತ ಕೈಯ ಅಚ್ಚು ಕಾಣುತ್ತದೆ ಎಂದು ವರದಿಯಿತ್ತರು. ಪೊಲೀಸರು ಕುಟುಂಬದ ಕಾರನ್ನು ವಶಕ್ಕೆ ತೆಗೆದುಕೊಂಡು ಪ್ರಯೋಗಾಲಯಕ್ಕೆ ಒಪ್ಪಿಸಿದರು. ಎರಡನೆಯ ಮರಣವಿಚಾರಣೆಯ ಬಳಿಕ, 1982ರ ಸೆಪ್ಟೆಂಬರಿನಲ್ಲಿ, ಡಾರ್ವಿನ್ ನಗರದ ನ್ಯಾಯಾಲಯದಲ್ಲಿ ತಾಯಿಯ ಮೇಲೆ ಕೊಲೆಯ ಮೊಕದ್ದಮೆ ಆರಂಭವಾಯಿತು. ಆಗ ಆಕೆ ಮತ್ತೆ ತುಂಬು ಗರ್ಭಿಣಿ.

ಅಭಿಯೋಗದ ಕಥೆ ಹೀಗಿತ್ತು. ತಾಯಿ ಕೂಸನ್ನು ಕಾರಿಗೆ ಒಯ್ದು, ಮುಂದಿನ ಆಸನದಲ್ಲಿ ಕುಳಿತು ಕೊಂದು, ದೇಹವನ್ನು ಅಡಗಿಸಿ, ಐದು ಹತ್ತು ನಿಮಿಷಗಳೊಳಗೆ ಏನೂ ಆಗದವರಂತೆ ಒಲೆಯ ಬಳಿಗೆ ಮರಳಿದರು. ಈ ಕಥೆಗೆ ಕಣ್ಣಾರೆ ಕಂಡವರಿರಲಿಲ್ಲ; ಕಾರಣ ಹೇಳುವವರಿರಲಿಲ್ಲ; ಆಯುಧವಿರಲಿಲ್ಲ; ದೇಹವಿರಲಿಲ್ಲ. ತಾಯಿ ಒಲೆಯ ಬಳಿಗೆ ಮರಳಿದ ಮೇಲೂ ಕೂಸಿನ ಅಳು ಕೇಳಿದೆನೆಂದು ಪಕ್ಕದ ಬಿಡಾರದ ಮಹಿಳೆಯೊಬ್ಬರು ಪ್ರಮಾಣ ಮಾಡಿ ಹೇಳಿದರು. ಆದುದರಿಂದ ಇಡೀ ಮೊಕದ್ದಮೆಯ ಭಾರ ಪ್ರಯೋಗಾಲಯದ ಮೇಲೆ ಬಿದ್ದಿತು.

ಮನುಷ್ಯರ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ನಿನಲ್ಲಿ, ಗರ್ಭದಲ್ಲಿರುವ ಶಿಶುವಿಗೆ ಒಂದು ಬಗೆ, ಬೆಳೆದವರಿಗೆ ಇನ್ನೊಂದು ಬಗೆ. ಹುಟ್ಟಿದ ಬಳಿಕ ಸುಮಾರು ಆರು ತಿಂಗಳೊಳಗೆ ಮೊದಲನೆಯದು ಬಹುಮಟ್ಟಿಗೆ ಹೋಗಿ ಎರಡನೆಯದು ಅದರ ಸ್ಥಾನಕ್ಕೆ ಬರುತ್ತದೆ. ಆದ್ದರಿಂದ ಕಾರಿನಲ್ಲಿ ಶಿಶುವಿನ ಹಿಮೋಗ್ಲೋಬಿನ್ ಇದೆಯೆಂದಾದರೆ ಅದು ಎಳೆಗೂಸಿನ ರಕ್ತವೇ ಆಗಬೇಕು. ಇದನ್ನು ಪತ್ತೆಮಾಡಲು ಆಂಟಿಸೀರಮ್ ಎಂಬ ದ್ರವವನ್ನು ಬಳಸುತ್ತಾರೆ. ಕಲೆಯಿಂದ ತೆಗೆದ ಸಾರವೂ ಈ ದ್ರವವೂ ಪರಸ್ಪರ ಹೊಂದಿಕೊಂಡರೆ, ಅವು ಸಂಧಿಸಿದ ಕಡೆ ತೆಳುವಾದ ಒಂದು ಗೆರೆ ಮೂಡುತ್ತದೆ. ಕಾರಿನ ಹಲವೆಡೆಗಳಿಂದ ತೆಗೆದ ಕಲೆಗಳಲ್ಲಿ ಆ ಗೆರೆ ಮೂಡಿತೆಂದು ಪ್ರಯೋಗಾಲಯದ ಜೀವವಿಜ್ಞಾನಿ ಸಾಕ್ಷ್ಯ ನುಡಿದರು. ಮುಂದಿನ ಆಸನದ ಎದುರು, ಕಾರಿನ ಫಲಕದ ಕೆಳಗೆ, ಚಿಮ್ಮಿದಂತಿದ್ದ ಕಲೆಯೊಂದು ಜ್ಯೂರಿಯ ಕಣ್ಣಮುಂದೆ ಕೊಲೆಯ ಚಿತ್ರವನ್ನೇ ಕಟ್ಟಿತು.

ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬ್ಯಾರಿ ಬೆಟ್ಚರ್ ಇದನ್ನು ಒಪ್ಪಲಿಲ್ಲ. ಬಳಸಿದ ಆಂಟಿಸೀರಮ್ ಶಿಶುವಿನ ಹಿಮೋಗ್ಲೋಬಿನ್ನಿಗೆ ಮಾತ್ರವೇ ಸ್ಪಂದಿಸುವಂಥದಲ್ಲ, ಬೆಳೆದವರ ರಕ್ತಕ್ಕೂ ಸ್ಪಂದಿಸಬಲ್ಲದು ಎಂದು ಅವರು ಪ್ರತಿವಾದಿಯ ಪರವಾಗಿ ವಿವರಿಸಿದರು. ಚೇಂಬರ್ಲೇನ್ ದಂಪತಿಗಳು ಹಿಂದೊಮ್ಮೆ ಅಪಘಾತದಲ್ಲಿ ಗಾಯಗೊಂಡವನೊಬ್ಬನನ್ನು ಅದೇ ಕಾರಿನಲ್ಲಿ ಸಾಗಿಸಿದ್ದರು. ಗೆರೆ ಮೂಡಿದ್ದ ಫಲಕಗಳನ್ನು ಮತ್ತೊಬ್ಬ ತಜ್ಞರಿಗೆ ತೋರಿಸೋಣವೆಂದರೆ ಅವು ಉಳಿದಿರಲಿಲ್ಲ. ಪರೀಕ್ಷೆ ಮುಗಿದ ಬಳಿಕ ಫಲಕಗಳನ್ನು ನಾಶಪಡಿಸುವುದು ಆ ಪ್ರಯೋಗಾಲಯದ ಪದ್ಧತಿಯಾಗಿತ್ತು. ತಜ್ಞರಿಗೂ ತಜ್ಞರಿಗೂ ನಡೆದ ಈ ವಾಗ್ವಾದವನ್ನು ತೂಗಿನೋಡುವ ಹೊಣೆ ರಸಾಯನಶಾಸ್ತ್ರದ ಗಂಧವಿಲ್ಲದ ಹನ್ನೆರಡು ಸಾಮಾನ್ಯ ಪ್ರಜೆಗಳ ಮೇಲೆ ಬಿತ್ತು. 1982ರ ಅಕ್ಟೋಬರ್ 29ರಂದು ಅವರು ತಾಯಿಯನ್ನು ಅಪರಾಧಿಯೆಂದರು. ಆಕೆಗೆ ಜೀವಾವಧಿ ಕಠಿಣ ಶಿಕ್ಷೆಯಾಯಿತು. ಸಹಕರಿಸಿದನೆಂದು ಪತಿಗೆ ವಿಧಿಸಿದ ಶಿಕ್ಷೆಯನ್ನು ಅಮಾನತಿನಲ್ಲಿರಿಸಲಾಯಿತು. ಮುಂದಿನ ತಿಂಗಳು ಸೆರೆವಾಸದಲ್ಲೇ ಆಕೆ ಇನ್ನೊಂದು ಹೆಣ್ಣುಮಗುವಿಗೆ ಜನ್ಮವಿತ್ತರು. ಆ ಮಗುವನ್ನು ತಾಯಿಯ ಮಡಿಲಿನಿಂದ ತೆಗೆದು ಹೊರಗೆ ಒಯ್ಯಲಾಯಿತು.

ಮೇಲ್ಮನವಿಗಳು ನಡೆದವು. 1983ರಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 1984ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಅತ್ಯುನ್ನತ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಶಿಕ್ಷೆಯನ್ನು ಎತ್ತಿಹಿಡಿದರು; ಮರ್ಫಿ ಮತ್ತು ಡೀನ್ ಎಂಬ ಇಬ್ಬರು ಭಿನ್ನಮತ ಬರೆದರು. ಮೇಲಿನ ನ್ಯಾಯಾಲಯ ಮೊಕದ್ದಮೆಯನ್ನು ಹೊಸದಾಗಿ ನಡೆಸುವುದಿಲ್ಲ. ಜ್ಯೂರಿಯು ತನ್ನೆದುರಿನ ಸಾಕ್ಷ್ಯದಿಂದ ಆ ತೀರ್ಮಾನಕ್ಕೆ ಬರಲು ಸಾಧ್ಯವಿತ್ತೇ ಎಂಬುದನ್ನು ಅದು ಮುಖ್ಯವಾಗಿ ನೋಡುತ್ತದೆ. ಹೀಗಾಗಿ ಕೆಳಗಿನ ಹಂತದಲ್ಲಿ ಸೇರಿಕೊಂಡ ತಪ್ಪು, ಮೇಲೇರಿದಂತೆ ತೊಳೆದುಹೋಗುವ ಬದಲು ಗಟ್ಟಿಯಾಗುವುದೂ ಉಂಟು.

ಬಿಡುಗಡೆ ಬಂದದ್ದು ಆಕಸ್ಮಿಕವಾಗಿ. 1986ರ ಫೆಬ್ರವರಿಯಲ್ಲಿ ಬಂಡೆಯಿಂದ ಬಿದ್ದು ಸತ್ತ ಪ್ರವಾಸಿಯೊಬ್ಬನ ದೇಹವನ್ನು ಹುಡುಕುವಾಗ, ಡಿಂಗೋಗಳು ಓಡಾಡುವ ಜಾಗದಲ್ಲಿ, ಅರ್ಧ ಮಣ್ಣಿನಲ್ಲಿ ಹೂತಿದ್ದ ಕೂಸಿನ ಪುಟ್ಟ ಅಂಗಿಯೊಂದು ಸಿಕ್ಕಿತು. ಉಳಿದ ಬಟ್ಟೆಯ ಮೇಲೆ ಕೂಸಿಗೆ ಆ ಅಂಗಿ ತೊಡಿಸಿದ್ದೆನೆಂದು ತಾಯಿ ಮೊದಲಿನಿಂದಲೂ ಹೇಳುತ್ತಿದ್ದರು. ಅದು ಸುಳ್ಳೆಂದು ಅಭಿಯೋಗ ವಾದಿಸಿತ್ತು. ಕೆಲವೇ ದಿನಗಳಲ್ಲಿ ಆಕೆಯನ್ನು ಸೆರೆಯಿಂದ ಬಿಡಲಾಯಿತು. ನ್ಯಾಯಮೂರ್ತಿ ಟ್ರೆವರ್ ಮಾರ್ಲಿಂಗ್ ಅವರ ವಿಚಾರಣಾ ಆಯೋಗ ಎಲ್ಲ ಸಾಕ್ಷ್ಯಗಳನ್ನೂ ಮೊದಲಿನಿಂದ ಪರಿಶೀಲಿಸಿ 1987ರಲ್ಲಿ ವರದಿ ಕೊಟ್ಟಿತು.

ಆ ವರದಿಯಲ್ಲಿ ಹೊರಬಂದ ಸತ್ಯಗಳು ತಲೆತಗ್ಗಿಸುವಂಥವು. ಫಲಕದ ಕೆಳಗೆ ಚಿಮ್ಮಿದ್ದ ರಕ್ತ ರಕ್ತವೇ ಆಗಿರಲಿಲ್ಲ. ಕಾರಿನ ಸದ್ದು ತಗ್ಗಿಸಲು ಕಾರ್ಖಾನೆಯಲ್ಲಿ ಸಿಂಪಡಿಸುವ ಡಾಂಬರಿನಂಥ ಲೇಪವಾಗಿತ್ತು. ಅದೇ ಮಾದರಿಯ ಬೇರೆ ಕಾರುಗಳಲ್ಲೂ ಅಂಥದೇ ಕಲೆಗಳಿದ್ದವು. ರಕ್ತವಿದೆಯೇ ಎಂದು ಮೊದಲ ಹಂತದಲ್ಲಿ ಪರೀಕ್ಷಿಸುವ ದ್ರಾವಣ ತಾಮ್ರದ ದೂಳಿಗೂ ಬಣ್ಣ ತಿರುಗುತ್ತದೆ. ಚೇಂಬರ್ಲೇನ್ ಕುಟುಂಬ ವಾಸವಾಗಿದ್ದ ಮೌಂಟ್ ಐಸಾ ತಾಮ್ರದ ಗಣಿಗಳ ಊರು. ಕತ್ತರಿಯಿಂದಲೇ ಆಗಬೇಕೆಂದು ಹೇಳಲಾಗಿದ್ದ ಬಟ್ಟೆಯ ಕೊಯ್ತ ನಾಯಿಹಲ್ಲಿನಿಂದಲೂ ಆಗಬಲ್ಲದೆಂದು ಹೊಸ ಪ್ರಯೋಗಗಳು ತೋರಿಸಿದವು. ಈ ಎಲ್ಲ ಸಾಕ್ಷ್ಯ ಅಂದೇ ಮುಂದಿದ್ದಿದ್ದರೆ ಖುಲಾಸೆ ಮಾಡುವಂತೆ ನ್ಯಾಯಾಧೀಶರು ಜ್ಯೂರಿಗೆ ನಿರ್ದೇಶಿಸಬೇಕಾಗುತ್ತಿತ್ತು ಎಂದು ಮಾರ್ಲಿಂಗ್ ಬರೆದರು. 1988ರ ಸೆಪ್ಟೆಂಬರ್ 15ರಂದು ಇಬ್ಬರ ಶಿಕ್ಷೆಯೂ ರದ್ದಾಯಿತು. ಕೂಸಿನ ಮರಣಪತ್ರದಲ್ಲಿ ಕಾರಣ ಬರೆಯಲು ಮಾತ್ರ ಇನ್ನೂ 24 ವರ್ಷ ಬೇಕಾದವು. 2012ರ ಜೂನ್ 12ರಂದು ನಾಲ್ಕನೆಯ ಮರಣವಿಚಾರಣೆ ಮುಗಿಸಿದ ಕೊರೊನರ್ ಎಲಿಜಬೆತ್ ಮಾರಿಸ್, ಕೂಸನ್ನು ಕೊಂದೊಯ್ದದ್ದು ಡಿಂಗೋ ಎಂದು ಘೋಷಿಸಿ, ಆ ತಂದೆತಾಯಿಯರ ದುಃಖದಲ್ಲಿ ತಾವೂ ಭಾಗಿಯೆಂದರು.

ಇಲ್ಲಿ ಸೋತದ್ದು ವಿಜ್ಞಾನವೆಂದು ಹೇಳಿದರೆ ತಪ್ಪಾದೀತು. ತಪ್ಪನ್ನು ಹಿಡಿದು ತೋರಿಸಿದ್ದೂ ವಿಜ್ಞಾನವೇ. ಸೋತದ್ದು ವಿಜ್ಞಾನದ ಶಿಸ್ತು. ಗೊತ್ತಿರುವ ಮಾದರಿಯ ಮೇಲೆ ಮೊದಲು ಪ್ರಯೋಗ ಮಾಡಿ ದ್ರವದ ಗುಣವನ್ನು ಖಚಿತಪಡಿಸಿಕೊಳ್ಳಬೇಕಿತ್ತು. ಫಲಕಗಳನ್ನು ಇನ್ನೊಬ್ಬರ ಪರಿಶೀಲನೆಗೆ ಉಳಿಸಬೇಕಿತ್ತು. ಇರಬಹುದು ಎಂಬುದಕ್ಕೂ ಇದೆ ಎಂಬುದಕ್ಕೂ ಇರುವ ಅಂತರವನ್ನು ಸಾಕ್ಷಿಕಟ್ಟೆಯಲ್ಲಿ ಕಾಪಾಡಬೇಕಿತ್ತು. ನಮ್ಮ ದೇಶದ ಕಾನೂನು ಕೂಡ ತಜ್ಞರ ಮಾತನ್ನು ಅಭಿಪ್ರಾಯವೆಂದೇ ಕರೆಯುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 45ನೆಯ ಕಲಂ ಹೇಳಿದ್ದ ಈ ಮಾತನ್ನು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಂ ಉಳಿಸಿಕೊಂಡಿದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ಹೊಸ ಸಂಹಿತೆ ವಿಧಿಸಿರುವ ಈ ಕಾಲದಲ್ಲಿ, ಅಭಿಪ್ರಾಯವನ್ನು ಪ್ರಶ್ನಿಸುವ ಜಾಣ್ಮೆಯೂ ಅಷ್ಟೇ ಬೆಳೆಯಬೇಕಾಗಿದೆ.

ಗಡಿಯಾಚೆ ನೆಲೆಸಿರುವ ಕನ್ನಡದ ಮನೆಗಳು ಗಮನಿಸಬೇಕಾದ ಇನ್ನೊಂದು ಸಂಗತಿ ಈ ಪ್ರಕರಣದಲ್ಲಿದೆ. ಮೊದಲ ರಾತ್ರಿಯೇ ಮರಳಿನಲ್ಲಿ ಸತ್ಯವನ್ನು ಓದಿದ್ದವರು ಅನಂಗು ಜಾಡುಗಾರರು. ಅವರ ನುಡಿ ನ್ಯಾಯಾಲಯದ ನುಡಿಯಾಗಿರಲಿಲ್ಲ. ಅವರ ವಿದ್ಯೆಗೆ ಪದವಿಪತ್ರವಿರಲಿಲ್ಲ. ಲಂಡನ್ನಿನಿಂದ ಬಂದ ವರದಿಗೆ ಸಂದ ತೂಕ ಅವರ ಮಾತಿಗೆ ಸಲ್ಲಲಿಲ್ಲ. ತನ್ನದಲ್ಲದ ಭಾಷೆಯ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತವರಿಗೆ ಇದರ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಭಾಷೆಯಲ್ಲಿ ನುಡಿದರೆಂಬುದರಿಂದ ಸಾಕ್ಷಿಯ ಬೆಲೆ ಕಟ್ಟುವ ನ್ಯಾಯಪೀಠ, ತನ್ನ ಒಂದು ಕಣ್ಣನ್ನು ತಾನೇ ಮುಚ್ಚಿಕೊಂಡಂತೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಶಾಲೆಯ ಪ್ರಯೋಗದ ಪುಸ್ತಕದಲ್ಲಿ ವೀಕ್ಷಣೆಗೆ ಒಂದು ಅಂಕಣ, ತೀರ್ಮಾನಕ್ಕೆ ಇನ್ನೊಂದು ಅಂಕಣ ಎಂದು ಗೆರೆ ಎಳೆಸುವುದು ಇದಕ್ಕಾಗಿಯೇ. ದ್ರವ ಬಣ್ಣ ತಿರುಗಿತು ಎಂಬುದು ವೀಕ್ಷಣೆ. ಅದು ರಕ್ತ ಎಂಬುದು ತೀರ್ಮಾನ. ಮಕ್ಕಳು ಬೇಸರದಿಂದ ಎಳೆಯುವ ಆ ಗೆರೆಯನ್ನು ದೊಡ್ಡವರು ಮರೆತಾಗ, ಒಬ್ಬ ತಾಯಿ ಸುಮಾರು ಮೂರು ವರ್ಷ ಕಾಲ ಸೆರೆಮನೆಯಲ್ಲಿ ಕಳೆಯಬೇಕಾಯಿತು.