ಸರಕಿಗೆ ಲೆಕ್ಕ ಉಂಟು, ನಿದ್ದೆಗೆ ಇಲ್ಲ

ಲಾರಿ ಓಡಿಸಿ ಮಕ್ಕಳನ್ನು ಸಾಕಿದವರು ನಮ್ಮ ಬ್ಯಾರಿಗಳಲ್ಲಿ ಬಹಳ ಮಂದಿ ಇದ್ದಾರೆ. 'ಉಪ್ಪ ಎಲ್ಲಿ?' ಎಂದು ಮದ್ರಸಾದಲ್ಲಿ ಕೇಳಿದರೆ 'ಲಾರಿಯಲ್ಲಿ ಹೋಗಿದ್ದಾರೆ ಉಸ್ತಾದ್' ಎನ್ನುವ ಮಕ್ಕಳು ನಮ್ಮ ಮುಂದೆ ಈಗಲೂ ಕೂರುತ್ತಾರೆ.

ಹಿಂದೆ ರಾಜ್ಯದ ಗಡಿಯಲ್ಲಿ ಕಾಗದಪತ್ರ ಹಿಡಿದು ಗಂಟೆಗಟ್ಟಲೆ ಕಾಯಬೇಕಿತ್ತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ಬಂತು. 2021ರಿಂದ ಅದಕ್ಕೆ ಫಾಸ್ಟ್ಯಾಗ್ ಕೂಡ ಜೋಡಣೆಯಾಯಿತು. ಲಾರಿ ಯಾವ ಟೋಲ್ ದಾಟಿತೆಂದು ಅಧಿಕಾರಿಗಳು ಕುಳಿತಲ್ಲೇ ನೋಡಬಹುದು. ಧಣಿಯ ಮೊಬೈಲಿನಲ್ಲಿ ಜಿಪಿಎಸ್ ಬೇರೆ. ಇದೆಲ್ಲ ಒಳ್ಳೆಯದೇ, ನಾವು ಬೇಡ ಅನ್ನುವುದಿಲ್ಲ.

ಆದರೆ ಈ ಯಂತ್ರಗಳು ನೋಡುವುದು ಸರಕನ್ನು, ತೆರಿಗೆಯನ್ನು. ಡ್ರೈವರ್ ಎಷ್ಟು ಹೊತ್ತು ಮಲಗಿದ ಎಂದು ನೋಡುವವರು ಯಾರು? ಯುರೋಪಿನ ಭಾರೀ ಲಾರಿಗಳಲ್ಲಿ ಟ್ಯಾಕೋಗ್ರಾಫ್ ಎಂಬ ಯಂತ್ರ ಉಂಟು. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ಅಲ್ಲಿ ಕಡ್ಡಾಯ, ತಪ್ಪಿದರೆ ಯಂತ್ರದಲ್ಲಿ ದಾಖಲಾಗುತ್ತದೆ. 2023ರ ಆಗಸ್ಟ್‌ನಿಂದ ಹೊಸ ಲಾರಿಗಳ ಯಂತ್ರ ದೇಶದ ಗಡಿ ದಾಟಿದ್ದನ್ನೂ ತಾನೇ ಬರೆದಿಡುತ್ತದೆ. ನಮ್ಮಲ್ಲೂ 1961ರ ಕಾಯ್ದೆಯೇ ದಿನಕ್ಕೆ 8 ಗಂಟೆ ಕೆಲಸ ಎಂದು ಹೇಳಿತ್ತು. ಹೇಳಿದ್ದು ಕಾಗದದಲ್ಲೇ ಉಳಿಯಿತು.

ಸರಕಾರ ಡ್ರೈವರ್‌ಗಳ ಗಂಟೆಯನ್ನೂ ಎಣಿಸುವ ಯಂತ್ರ ತರಲಿ. ಅಲ್ಲಿವರೆಗೆ ನಾವೇನು ಮಾಡಬಹುದು? ಲಾರಿಯ ಧಣಿಗಳಲ್ಲಿ ನಮ್ಮವರೂ ಇದ್ದಾರಲ್ಲ! ರಾತ್ರಿ ಫೋನ್ ಮಾಡಿ 'ಎಲ್ಲಿಗೆ ಮುಟ್ಟಿದೆ?' ಎಂದು ಕೇಳುವವರು, 'ಸ್ವಲ್ಪ ಮಲಗಿ ಹೊರಡು' ಎಂದೂ ಹೇಳಲಿ. ಸರಕು ಒಂದು ಗಂಟೆ ತಡವಾದರೆ ನಷ್ಟ ತುಂಬಬಹುದು. ಮನೆಗೆ ಉಪ್ಪ ಬಾರದಿದ್ದರೆ ತುಂಬುವವರು ಯಾರು?